ಮಡಿ ಸೀರೆಗೆ ಕಾವಲು

ಕರ್ನೂಲು ಅಮ್ಮನ ತವರು. ಹಂದ್ರಿ ಬಂದು ತುಂಗಭದ್ರೆಯನ್ನು ಕೂಡುವ ಆ ಊರಿನಲ್ಲಿ ಒಂದು ದ್ವಾದಶಿ ಸ್ನಾನ ಆಗಲೇಬೇಕು ಎಂದು ಹಟ ಹಿಡಿದಳು. ಹಿಂದಿನ ದಿನ ಏಕಾದಶಿಯ ನಿರಾಹಾರ, ಮೈಯಲ್ಲಿ ಸಕ್ಕರೆ ಕಾಯಿಲೆ, ಈ ವಯಸ್ಸಿನಲ್ಲಿ ಬೇಡ ಎಂದೆ. ಗೋರ್ಕಲ್ಲ ಮೇಲೆ ಮಳೆಗರೆದಂತಾಯಿತು. ಆದೋನಿಯಿಂದ ಮೊದಲ ಬಸ್ಸು ಹತ್ತಿದೆವು.

ಒಂಬತ್ತೂವರೆಯೊಳಗೆ ಪಾರಣೆ ಆಗಬೇಕು. ಮಿಂದು, ಮಡಿ ಸೀರೆ ಉಟ್ಟು, ಉಪವಾಸ ಬಿಡಬೇಕು. ಹೊಟ್ಟೆಗೆ ತುತ್ತು ಬೀಳದೆ ಮಾತ್ರೆ ನುಂಗುವಂತಿಲ್ಲ. ಮಡಿ ಸೀರೆಯೆಂದರೆ ಒಗೆದು ಒಣಗಿಸಿದ ಮೇಲೆ ಯಾರೂ ಮುಟ್ಟಿರಬಾರದು. ಅಮ್ಮ ಅದನ್ನು ಕೋಲಿನಿಂದಲೇ ಎತ್ತಿ ಚೀಲಕ್ಕೆ ಇಳಿಸಿದ್ದಳು. ಅವಳು ತೂಕಡಿಸುತ್ತಿದ್ದಾಗ ಬಸ್ಸಿನ ಕುಲುಕಾಟಕ್ಕೆ ಸೀರೆ ಹೊರಗೆ ಜಾರಿತು. ಮಹಾ ಜಾಣೆಯಾದ ನಾನು ಅದನ್ನು ಚೆಂದಗೆ ಮಡಚಿ ಒಳಗಿಟ್ಟೆ.

ಕೋಟೆಯ ಬುರುಜು, ಹಳೆಯ ಗುಮ್ಮಟ ತೋರಿಸುತ್ತ ಆಟೋ ನಮ್ಮನ್ನು ಘಾಟಿಗೆ ತಂದಿತು. ಬಂಡೆಗಳ ನಡುವೆ ನೀರು ತಿಳಿಯಾಗಿತ್ತು, ಕೊಕ್ಕರೆಗಳು ನಿಂತಿದ್ದವು. ಅಮ್ಮ ಎಳೆ ಹುಡುಗಿಯಂತೆ ಮೂರು ಮುಳುಗು ಹಾಕಿ ಬಂದು ಚೀಲ ಬಿಚ್ಚಿದಳು.

"ಇದನ್ನ ಮಡಚಿದ್ದು ನೀನೇನ?"

"ಬಿದ್ದಿತ್ತಮ್ಮಾ..."

"ಬಿದ್ರ ಬೀಳ್ತಿತ್ತು! ಮುಟ್ಟೋದೇನಿತ್ತು?"

ಮಿಂದವಳೇ ಅದನ್ನು ನದಿಯಲ್ಲಿ ಜಾಲಿಸಿ ಒಣಗಿಸಿದರೆ ಮತ್ತೆ ಮಡಿ. ಒದ್ದೆ ಬಟ್ಟೆಯಲ್ಲಿ ಉಣ್ಣುವಂತಿಲ್ಲ. ಹರವಲು ಹಗ್ಗವಿಲ್ಲ, ಗಂಟೆ ಎಂಟೂವರೆ ದಾಟಿತ್ತು, ಅಮ್ಮನ ಕೈ ನಡುಗತೊಡಗಿತ್ತು. ಅಲ್ಲೇ ಕಂಬಳಿ ಒಗೆಯುತ್ತಿದ್ದ, ತಲೆಗೆ ಕಪ್ಪು ದುಪಟ್ಟಾ ಸುತ್ತಿದ್ದ ಹೆಂಗಸೊಬ್ಬಳು ನಮ್ಮ ಜಗಳ ಕೇಳಿ ಎದ್ದು ಬಂದಳು.

"ಅಮ್ಮಾ, ನನ್ನ ಹಗ್ಗದ ಮ್ಯಾಲ ಹಾಕ್ರಿ. ನಾ ಮುಟ್ಟಂಗಿಲ್ಲ. ಆದೋನಿಯಾಗ ನಮ್ಮ ತೌರಮನಿ ಬಾಜೂಕ ಆಚಾರ್ರ ಮನಿ ಇತ್ತು, ನಂಗೆಲ್ಲ ಗೊತ್ತೈತಿ."

ತನ್ನ ಕಂಬಳಿಗಳನ್ನು ಎಳೆದು ಬಂಡೆಗೆ ಹಾಕಿದಳು, ಹಗ್ಗಕ್ಕೆ ನೀರು ಹೊಯ್ದು ದೂರ ಸರಿದಳು. ಅಮ್ಮ ಸೀರೆ ಹರವಿದಳು. ಅಲ್ಲಿಂದ ಆ ಹೆಂಗಸಿನದೇ ಕಾವಲು. ಆಡು ಬಂದರೆ "ಹಟ್ ಹಟ್" ಎಂದು ಓಡಿಸುವಳು, ಸ್ನಾನಕ್ಕೆ ಬಂದವರಿಗೆ "ದೂರಂ ಪೋಂಡಿ, ಮಡಿ ಉಂದಿ!" ಎಂದು ತೆಲುಗಿನಲ್ಲಿ ಗದರುವಳು.

ಮಡಿಯೆಂದರೆ ಜನರನ್ನು ದೂರ ಇಡುವ ದಾರಿ ಎಂದು ಅಮ್ಮನ ಜೊತೆ ವಾದಿಸುತ್ತಲೇ ಬೆಳೆದವಳು ನಾನು. ಈಗಲೂ ಹಾಗೇ ಅನ್ನುತ್ತೇನೆ. ಆದರೆ ಅವತ್ತು ಆಕೆಯ ಕಾಲಿಗೆ ಬೀಳೋಣ ಅನ್ನಿಸಿತು.

ಒಂಬತ್ತೂಕಾಲಿಗೆ ಸೀರೆ ಒಣಗಿತು. ಅಮ್ಮ ಉಟ್ಟು, ತೀರ್ಥ ತೆಗೆದುಕೊಂಡು, ಮೊಸರವಲಕ್ಕಿ ತಿಂದು ಮಾತ್ರೆ ನುಂಗಿದಳು. ನನಗೆ ಹೋದ ಜೀವ ಬಂತು.

"ಬಾ ತಾಯಿ, ನೀನೂ ಒಂದ್ ತುತ್ತು ತಗೋ" ಎಂದಳು ಅಮ್ಮ.

"ನಂದೂ ರೋಜಾ ಐತಮ್ಮಾ. ಸಂಜಿ ತನಕ ನೀರೂ ಕುಡಿಯಂಗಿಲ್ಲ."

ಅಷ್ಟು ಹೊತ್ತು ಬಿಸಿಲಲ್ಲಿ ಕೂಗಿದವಳು! ಅಮ್ಮ ಚೀಲದಲ್ಲಿದ್ದ ಬಾಳೆಹಣ್ಣುಗಳನ್ನೆಲ್ಲ ಆಕೆಯ ದುಪಟ್ಟಾದ ಸೆರಗಿಗೆ ಹಾಕಿ, "ಸಂಜಿಗೆ ತಿನ್ನು" ಎಂದಳು.

ಸಂಜೆ ಆದೋನಿಯ ಮನೆಯಲ್ಲಿ ಹಾಲು ಕಾಯಿಸಿ ಕೊಟ್ಟೆ. ಅಮ್ಮ ಕುಡಿಯಲಿಲ್ಲ. ಲೋಟ ಮುಂದಿಟ್ಟುಕೊಂಡು ಬಾಗಿಲಲ್ಲಿ ಕೂತಳು. ಆರಿಹೋಗುತ್ತದೆ ಎಂದು ಎರಡು ಸಲ ಹೇಳಿದೆ. ಬೀದಿಯ ಕೊನೆಯ ಮಸೀದಿಯಲ್ಲಿ ಅಜಾನ್ ಶುರುವಾಯಿತು.

"ಈಗ ಆಕಿ ನೀರು ಕುಡದಿರಬೇಕು" ಎಂದು ಅಮ್ಮ ಲೋಟ ಎತ್ತಿಕೊಂಡಳು.