ಎಡಚಕ್ರದ ಬಿಸಿ

ಜಾಕಿನ ಮೇಲೆ ಎತ್ತಿ ನಿಲ್ಲಿಸಿದ್ದ ಟ್ರೇಲರಿನ ಎಡಚಕ್ರವನ್ನು ಮೆರಿಲ್ ನಾಸ್ಕಿ ಅಂಗೈಯಿಂದ ತಳ್ಳಿ ಬಿಟ್ಟಳು. ಚಕ್ರ ಎರಡು ಸುತ್ತು ತಿರುಗಿ ನಿಂತಿತು. ಇನ್ನೊಮ್ಮೆ ತಳ್ಳಿದಳು. ಮತ್ತೆ ಎರಡೇ ಸುತ್ತು.

ಶೆಡ್ಡಿನ ಬಾಗಿಲಲ್ಲಿ ಮಡಚುವ ಕುರ್ಚಿ ಹಾಕಿಕೊಂಡು ಕೂತಿದ್ದ ಗಂಡ ಕ್ಲೆಮ್ ಕೆಮ್ಮಿದ.

"ಏನು?" ಎಂದಳು ಮೆರಿಲ್.

"ಏನಿಲ್ಲ. ಗಂಟಲು."

"ಹೊಸ ಗ್ರೀಸು. ಮೊದಮೊದಲು ಗಟ್ಟಿ ಇರುತ್ತೆ."

"ನಾನೇನಾದ್ರೂ ಅಂದ್ನಾ?"

ಅವನು ಏನನ್ನೂ ಅನ್ನುವಂತಿರಲಿಲ್ಲ. ಒಪ್ಪಂದವೇ ಹಾಗಿತ್ತು.

ಟ್ರೇಲರಿನ ಮೇಲಿನ ದೋಣಿ ಚಿಕ್ಕದು, ಅಲ್ಯೂಮಿನಿಯಮ್ಮಿನದು. ವರ್ಷದ ಹೆಚ್ಚು ಪಾಲು ಅದು ವುಡಿನ್ನಾ ಊರಿನ ಗೋಧಿ ಹೊಲಗಳ ನಡುವಿನ ಈ ಶೆಡ್ಡಿನಲ್ಲಿ, ಬಿತ್ತನೆ ಯಂತ್ರದ ಪಕ್ಕ, ಧೂಳು ಕುಡಿಯುತ್ತ ನಿಂತಿರುತ್ತದೆ. ಸುಗ್ಗಿ ಮುಗಿದು ಕಾಳು ಸೈಲೋ ಕಣಜಗಳನ್ನು ಸೇರಿದ ಮೇಲೆ, ಅಲ್ಲಿಗೆ ನಡುಬೇಸಿಗೆಯಾದ ಜನವರಿಯಲ್ಲಿ, ಅದನ್ನು ಸ್ಟ್ರೀಕಿ ಬೇ ಕೊಲ್ಲಿಗೆ ಎಳೆದುಕೊಂಡು ಹೋಗುವುದು ರೂಢಿ. ಇಂಥ ಟ್ರೇಲರುಗಳನ್ನು ಓಡಾಟಕ್ಕಿಂತ ನಿಂತಿರುವುದೇ ಹೆಚ್ಚು ಕೆಡಿಸುತ್ತದೆ. ಟೈರಿನ ಹಲ್ಲು ಸವೆಯುವ ಮೊದಲೇ ಪಕ್ಕೆ ಬಿರಿಯುತ್ತದೆ. ಹಿಂದಿನ ಬೇಸಿಗೆಯಲ್ಲಿ ಚಕ್ರದ ನಡುವಿನ ಗುಂಬ, ಅಂದರೆ ಹಬ್ಬಿನೊಳಗೆ ನುಸುಳಿದ ಉಪ್ಪುನೀರು ಹೊರಬರುವ ದಾರಿ ಕಾಣದೆ ಅಲ್ಲೇ ಕೂತು ಬೇರಿಂಗನ್ನು ಕೊರೆಯುತ್ತದೆ.

ಈ ಕೆಲಸವನ್ನು ಮದುವೆಯಾದಾಗಿನಿಂದಲೂ ಕ್ಲೆಮ್ಮೇ ಮಾಡುತ್ತಿದ್ದ. ತನ್ನ ಹಬ್ಬನ್ನು ಬೇರೆಯವರ ಕೈಗೆ ಕೊಡುವವನಿಗೆ ತಾನು ಏನನ್ನು ಎಳೆಯುತ್ತಿದ್ದೇನೆಂದು ಗೊತ್ತಿರುವುದಿಲ್ಲ, ಅಂಥವನು ದೋಣಿ ಇಟ್ಟುಕೊಳ್ಳಬಾರದು ಎಂಬುದು ಅವನ ಮಾತು. ಎರಡು ವರ್ಷದ ಹಿಂದೆ ಅವನ ಬಲಗೈ ನಡುಗತೊಡಗಿತು. ಈ ನವೆಂಬರಿನಲ್ಲಿ ಗ್ರೀಸು ತುಂಬಿದ ಬೇರಿಂಗ್ ಆ ಕೈಯಿಂದ ಜಾರಿ ನೆಲದ ಮರಳಿಗೆ ಬಿತ್ತು. ಅದನ್ನು ಸೀಮೆಎಣ್ಣೆಯಲ್ಲಿ ತೊಳೆದು ಕೂರಿಸಲು ಹೋದಾಗ ಇನ್ನೊಮ್ಮೆ ಬಿತ್ತು. ಕ್ಲೆಮ್ ಕೈ ಒರೆಸಿಕೊಂಡು, ದೋಣಿಯನ್ನು ಪಕ್ಕದ ಹೊಲದ ಡಾರ್ಸಿಗೆ ಕೊಟ್ಟುಬಿಡೋಣ ಅಂದ.

"ನಾನು ಮಾಡ್ತೀನಿ," ಎಂದಳು ಮೆರಿಲ್.

"ನೀನಾ?"

"ನೋಡ್ತಾ ಬಂದಿಲ್ವಾ ಇಷ್ಟು ವರ್ಷ? ನಾನೇ ಮಾಡ್ತೀನಿ. ನೀನು ಬಾಯಿ ಬಿಡಬಾರದು, ಅಷ್ಟೆ. ನೀನು ಹೇಳಿ ನಾನು ಮಾಡಿದ್ರೆ ಅದು ನಿನ್ನ ಹಬ್ಬೇ ಆಗುತ್ತೆ."

"ಕೊಲ್ಲಿವರೆಗೆ ಸರಿಯಾಗಿ ಹೋದ್ರೆ ದೋಣಿ ನಮ್ಮದು. ದಾರೀಲಿ ನಿಂತ್ರೆ ಡಾರ್ಸಿದು."

"ಆಗಲಿ."

ಅಂದಿನಿಂದ ಮೆರಿಲ್‌ಗೆ ಕೂತಲ್ಲಿ ಕೂರಲಾಗಲಿಲ್ಲ. ಹಾಗೆ ನೋಡಿದರೆ ಕ್ಲೆಮ್‌ನ ಕೈ ನಡುಗತೊಡಗಿದಾಗಿನಿಂದಲೇ ಅವಳು ಹಾಗಾಗಿದ್ದಳು. ಊಟದ ನಡುವೆ ಎದ್ದು ಗ್ಯಾಸಿನ ಗುಬುಟು ನೋಡುವಳು. ಮುಚ್ಚಿಬಂದ ಗೇಟನ್ನು ಮತ್ತೆ ಹೋಗಿ ಮುಚ್ಚುವಳು. ಕೊಲ್ಲಿಯ ನಡುವೆ, ದೋಣಿಯ ಅಡ್ಡಹಲಗೆಯ ಮೇಲೆ, ಮೊಣಕಾಲ ನಡುವೆ ಗಾಳದ ಕೋಲು ಇಟ್ಟುಕೊಂಡಾಗ ಮಾತ್ರ ಅವಳು ಎರಡು ತಾಸು ಅಲ್ಲಾಡದೆ ಕೂರುತ್ತಿದ್ದಳು. ಅದನ್ನು ಅವಳು ಯಾರಿಗೂ ಹೇಳಿರಲಿಲ್ಲ.

ಡಿಸೆಂಬರಿನಲ್ಲಿ ಟೈರು ಬದಲಿಸಿದಳು. ಹಳೆಯವುಗಳ ಹಲ್ಲು ಅಂಗಡಿಯಿಂದ ತಂದಂತಿತ್ತು. ಆದರೆ ಪಕ್ಕೆಯಲ್ಲಿ ಒತ್ತಿದ್ದ ಅಂಕಿ, ತಯಾರಾದ ವಾರ ಮತ್ತು ವರ್ಷ, ಅವುಗಳ ವಯಸ್ಸನ್ನು ಹೇಳುತ್ತಿತ್ತು. ಉಗುರಿನಿಂದ ಒತ್ತಿದರೆ ಸೀಳು ಬಾಯಿ ತೆರೆಯುತ್ತಿತ್ತು. ಕಾರಿನ ತೆಳು ಟೈರು ಬೇಡವೆಂದು ಸರಕು ಗಾಡಿಯ ದಪ್ಪ ಪಕ್ಕೆಯವನ್ನೇ ತಂದಳು. ಬಣ್ಣ ಬಳಿದ ರಿಮ್ಮುಗಳು ಉಪ್ಪಿಗೆ ಹಕ್ಕಳೆ ಕಟ್ಟಿದ್ದರಿಂದ ಸತುವಿನ ಲೇಪದವನ್ನು ಹಾಕಿಸಿದಳು. ಹಬ್ಬುಗಳನ್ನು ಬಿಚ್ಚಿ, ಹಳೆಯ ಗ್ರೀಸನ್ನು ಬೆರಳಲ್ಲಿ ಬಗೆದು, ಹೊಸ ಬೇರಿಂಗ್, ಹೊಸ ಸೀಲ್ ಕೂರಿಸಿದಳು. ಬಲಗಡೆಯದು ಒಂದೇ ಸಲಕ್ಕೆ ಕೂತಿತು. ಎಡಗಡೆ, ಕೊನೆಯ ನಟ್ಟನ್ನು ಬಿಗಿದ ಮೇಲೆ, ಪಿನ್ ತೂರಿಸಬೇಕಾದ ಅಚ್ಚಿನ ತೂತು ನಟ್ಟಿನ ಹಲ್ಲುಗಳ ಸಂದಿಗೆ ನೇರವಾಗಲಿಲ್ಲ. ಎತ್ತಿನಗಾಡಿಯ ಅಚ್ಚಿಗೆ ಕಡಾಣಿ ಇದ್ದ ಹಾಗೆ ಆ ಪಿನ್. ಅದಿಲ್ಲದೆ ಚಕ್ರ ಬಿಡುವಂತಿಲ್ಲ. ಒಂದು ಹಲ್ಲು ಹಿಂದಕ್ಕೆ ತಿರುಗಿಸಬಹುದಿತ್ತು, ಒಂದು ಹಲ್ಲು ಮುಂದಕ್ಕೂ ತಿರುಗಿಸಬಹುದಿತ್ತು. ಸಡಿಲ ಬಿಡಲು ಅವಳಿಗೆ ಮನಸ್ಸು ಬರಲಿಲ್ಲ. ಮುಂದಕ್ಕೆ ತಿರುಗಿಸಿದಳು.

ಹೊರಡುವ ಹಿಂದಿನ ಸಂಜೆ ಡಾರ್ಸಿ ಹೆಡಲ್ ಬಂದ. ಕೊಲ್ಲಿಯ ದಡದಲ್ಲೂ ಅವನ ಬೇಸಿಗೆ ಮನೆ ಇವರದರ ಪಕ್ಕದಲ್ಲೇ ಇದೆ. ಬಂದವನು ಹೊಸ ಟೈರನ್ನು ಬೂಟಿನ ತುದಿಯಿಂದ ಒದ್ದು ನೋಡಿದ.

"ಒಳ್ಳೇ ಟೈರು ಹಾಕ್ಸಿದೀಯ ಮೆರಿಲ್. ನನಗೋಸ್ಕರಾನಾ?"

"ಕಾಲು ಆ ಕಡೆ ತೆಗಿ."

"ದೋಣಿ ನನ್ನ ಕೈಗೆ ಬಂದ ದಿನ ಮೊದಲು ಈ ಹೋಲ್ಡನ್ ಹಬ್ಬು ಕಿತ್ತೆಸೆದು ಫೋರ್ಡ್ ಹಬ್ಬು ಹಾಕ್ತೀನಿ ನೋಡು."

"ಈ ಬುದ್ಧಿಗೇ ದೇವರು ನಿನ್ನ ತಲೆ ಮೇಲಿಂದ ಕೂದಲು ವಾಪಸ್ ತಗೊಂಡಿದ್ದು," ಎಂದ ಕ್ಲೆಮ್.

ಆ ಸೀಮೆಯಲ್ಲಿ ಟ್ರೇಲರಿನ ಹಬ್ಬಿಗೂ ಎರಡು ಪಂಥ. ಬೋಲ್ಟುಗಳ ನಡುವಿನ ಅಂತರ ಹೋಲ್ಡನ್ ಕಾರಿನದೋ ಫೋರ್ಡ್ ಕಾರಿನದೋ ಎಂಬುದರ ಮೇಲೆ ಕುಲ ನಿಶ್ಚಯವಾಗುತ್ತದೆ. ಅಪ್ಪನ ಪಂಥ ಬಿಟ್ಟವರು ಕಡಿಮೆ. ಡಾರ್ಸಿ ನಕ್ಕು, ಒಂದು ಬಿಯರ್ ಕುಡಿದು ಹೋದ. ಅವನು ಹೋದ ಮೇಲೆ ಮೆರಿಲ್ ಚಕ್ರದ ನಟ್ಟುಗಳನ್ನು ಮೂರನೆಯ ಸಲ ಬಿಗಿದಳು.

ಬೆಳಿಗ್ಗೆ ಉತ್ತರದ ಬಿಸಿಗಾಳಿ ಆಗಲೇ ಎದ್ದಿತ್ತು. ಹಿಂದೆ ತೆರೆದ ತೊಟ್ಟಿಯಿರುವ ಯೂಟ್ ಗಾಡಿಯನ್ನು ಮೆರಿಲ್ ಓಡಿಸುತ್ತಿದ್ದಳು. ಕ್ಲೆಮ್ ಎಡಗಡೆ ಕೂತು ಬಲಗೈಯನ್ನು ತೊಡೆಯ ಕೆಳಗೆ ಅದುಮಿಕೊಂಡಿದ್ದ. ಕಾಲ ಬಳಿಯ ಡಬ್ಬಿಯಲ್ಲಿ ಫ್ರಿಟ್ಜ್ ಎಂಬ ಮಾಂಸದ ಬಿಲ್ಲೆ ಇಟ್ಟು ಟೊಮೇಟೊ ಸಾಸು ಹಚ್ಚಿದ ಬ್ರೆಡ್ಡು ಇತ್ತು. ಮೆರಿಲ್‌ನ ಕಣ್ಣು ರಸ್ತೆಗಿಂತ ಕನ್ನಡಿಯಲ್ಲೇ ಹೆಚ್ಚಿತ್ತು.

"ದೋಣಿ ಹಿಂದೇನೇ ಬರ್ತಾ ಇದೆ. ಎಲ್ಲೂ ಹೋಗಲ್ಲ ಅದು," ಎಂದ ಕ್ಲೆಮ್.

"ಮಿನ್ನಿಪಾದಲ್ಲಿ ನಿಲ್ಲಿಸ್ತೀನಿ."

"ನಿಲ್ಲಿಸು. ಬೇಡ ಅಂದ್ರೆ ಕೇಳ್ತೀಯಾ?"

ಮಿನ್ನಿಪಾದಲ್ಲಿ ಇಳಿದು ಮುಂಗೈಯನ್ನು ಹಬ್ಬುಗಳಿಗೆ ಒತ್ತಿ ನೋಡಿದಳು. ದೋಣಿ ಎಳೆಯುವವರು ನಿಂತಲ್ಲೆಲ್ಲ ಮಾಡುವ ಕೆಲಸ ಅದು. ಮಾತಿನ ನಡುವೆಯೇ ಕೈ ಹೋಗುತ್ತದೆ. ಬಲಗಡೆಯದು ಹಾಲಿನ ಲೋಟದಷ್ಟು ಬೆಚ್ಚಗಿತ್ತು. ಎಡಗಡೆಯದರ ಮೇಲೆ ಕೈ ಇಡಬಹುದಿತ್ತು, ಆದರೆ ಇಟ್ಟೇ ಇರಲು ಮನಸ್ಸಾಗುತ್ತಿರಲಿಲ್ಲ.

"ಎಡಗಡೆದು ಸ್ವಲ್ಪ ಜಾಸ್ತಿ ಬಿಸಿ."

ಕ್ಲೆಮ್ ಕಿಟಕಿಯಿಂದ ತಲೆ ಹೊರಹಾಕಿದ. "ಬಿಸಿಲು ಕಣೇ. ಹೊಸ ಟೈರು, ಕರ್ರಗಿದೆ. ಹತ್ತು."

ಅವಳು ಹತ್ತಿದಳು. ಗೋಧಿ ಕೊಯ್ದ ಕೂಳೆಯ ಹೊಲಗಳು ಎರಡೂ ಕಡೆ ಹಿಂದಕ್ಕೆ ಸರಿದವು. ಸೀಟಿನಲ್ಲಿ ಅತ್ತ ಇತ್ತ ಸರಿದು ಕೂತಳು. ಕಿಟಕಿಯ ಗಾಜು ಇಳಿಸಿದಳು, ಏರಿಸಿದಳು, ಮತ್ತೆ ಇಳಿಸಿ ಮೊಳಕೈ ಹೊರಗಿಟ್ಟಳು. ಮೂಗಿಗೆ ಏನೋ ಸುಟ್ಟ ವಾಸನೆ ಬಂದಂತಾಯಿತು. ಗಾಳಿ ತಿರುಗಿ ಅದು ಹೋಯಿತು. ಮೊಳಕೈ ಚುರುಗುಟ್ಟತೊಡಗಿತು. ಬಿಸಿಲು ಬೆನ್ನ ಹಿಂದಿನಿಂದ, ಬಲಗಡೆಯಿಂದ ಬೀಳುತ್ತಿತ್ತು. ಮಿನ್ನಿಪಾದಲ್ಲೂ ಗಾಡಿ ಇದೇ ಮುಖವಾಗಿ ನಿಂತಿತ್ತು. ಹಾಗಾದರೆ ಎಡಚಕ್ರ ಆಗ ನೆರಳಲ್ಲಿತ್ತು.

ಅವಳು ವೇಗ ಇಳಿಸಿ, ಪೂಚೆರಾದ ಸೈಲೋಗಳು ಕಂಡ ಕೂಡಲೆ ಅವುಗಳ ನೆರಳಿಗೆ ಗಾಡಿ ತಿರುಗಿಸಿದಳು.

ಈ ಸಲ ಎಡಗಡೆಯ ಹಬ್ಬಿನ ಮೇಲೆ ಕೈ ಇಡಲಾಗಲಿಲ್ಲ. ಬಾಟಲಿಯಿಂದ ಎರಡು ಹನಿ ನೀರು ಚಿಮುಕಿಸಿದಳು. ಚುರ್ ಎಂದು ಆರಿಹೋಯಿತು. ಹಬ್ಬಿನ ಮುಚ್ಚಳದ ಅಂಚಿನಿಂದ ತೆಳ್ಳಗಾದ ಗ್ರೀಸು ಒಸರಿ ಹೊಸ ರಿಮ್ಮಿನ ಮೇಲೆ ಗೆರೆ ಎಳೆದಿತ್ತು.

ಕ್ಲೆಮ್ ಇಳಿದು ಬಂದು ನಿಂತಿದ್ದ.

"ನಿನಗೆ ಗೊತ್ತಿತ್ತು," ಎಂದಳು.

"ಅನುಮಾನ ಇತ್ತು. ಎರಡೇ ಸುತ್ತಿಗೆ ನಿಂತಿತಲ್ಲ ಶೆಡ್ಡಲ್ಲಿ. ಬಿಗಿ ಜಾಸ್ತಿ ಆಗಿದೆ ಅನ್ನಿಸ್ತು."

"ಹೇಳ್ಬಾರದಾಗಿತ್ತಾ?"

"ಬಾಯಿ ಬಿಡಬೇಡ ಅಂದಿದ್ದು ಯಾರು?"

"ಮಿನ್ನಿಪಾದಲ್ಲಿ ಬಾಯಿ ಬಿಟ್ಟೆಯಲ್ಲ. ಬಿಸಿಲು ಅಂದೆ. ಬಿಸಿಲು ಆ ಕಡೆ ಇತ್ತು ಕ್ಲೆಮ್."

ಅವನು ಸೈಲೋದ ಗೋಡೆಯ ಕಡೆ ನೋಡಿದ. ಅಲ್ಲಿ ಚೆಲ್ಲಿದ ಕಾಳಿಗೆ ಗಲಾ ಗಿಳಿಗಳು ಕಿತ್ತಾಡುತ್ತಿದ್ದವು. ಅವನ ಬಲಗೈ ಪ್ಯಾಂಟಿನ ಹೊಲಿಗೆಯ ಮೇಲೆ ತಾಳ ಹಾಕುತ್ತಿತ್ತು.

"ಹೋದ ಈಸ್ಟರಲ್ಲಿ ದೋಣಿ ಇಳಿಸೋ ಕಡೆ, ನೆನಪಿದೆಯಾ," ಎಂದ. "ದೋಣೀನ ಟ್ರೇಲರಿಗೆ ಬಿಗಿಯೋಕೆ ಮೂತಿಗೆ ಹಾಕಿದ ಕೊಕ್ಕೆ ಬಿಡಿಸೋಕೆ ಆಗ್ಲಿಲ್ಲ. ಹಿಂದೆ ಅಷ್ಟುದ್ದ ಸಾಲು. ಯಾವನೋ ಬಂದು, ಬಿಡಿ ತಾತ ಅಂತ ನನ್ನ ಕೈ ಎತ್ತಿ ಪಕ್ಕಕ್ಕಿಟ್ಟು ಬಿಡಿಸಿದ. ಒಳ್ಳೇದಕ್ಕೇ ಮಾಡಿದ. ಆದ್ರೆ ಕೈ ಎತ್ತಿ ಪಕ್ಕಕ್ಕಿಟ್ಟ."

ಮೆರಿಲ್ ನೀರಿನ ಬಾಟಲಿಯ ಬಿರಡೆ ತಿರುಗಿಸಿ ಬಿಗಿದಳು.

"ಚಕ್ರ ಕೆಟ್ಟಿತು, ಮಾರಿದ್ವಿ ಅನ್ನಬಹುದಿತ್ತು," ಎಂದ ಕ್ಲೆಮ್. "ಊರಿಗೆ ಅಷ್ಟು ಸಾಕಾಗಿತ್ತು. ಇನ್ನೊಂದು ಸಲ ಆ ಸಾಲಲ್ಲಿ ನಿಲ್ಲೋದು ತಪ್ತಿತ್ತು."

"ಚಕ್ರ ಕಳಚಿ ನಮ್ಮನ್ನೇ ದಾಟ್ಕೊಂಡು ಹೋಗಿದ್ರೆ?"

"ಇಲ್ಲಿ ನಿಲ್ಲಿಸ್ತೀಯ ಅಂತ ಗೊತ್ತಿತ್ತು. ನೀನು ಎಲ್ಲಿ ತಾನೇ ನಿಲ್ಲಿಸಲ್ಲ?"

ಅವಳಿಗೆ ಸಿಟ್ಟು ಬಂತು. ಸಿಟ್ಟು ತೋರಿಸಲು ಕೈಗೆ ಕೆಲಸ ಬೇಕಿತ್ತು. ಯೂಟಿನ ಹಿಂದಿನಿಂದ ಜಾಕು, ಅದರ ಕೆಳಗೆ ಹಾಕುವ ಹಲಗೆ, ಸ್ಪ್ಯಾನರು ಒಂದೊಂದಾಗಿ ನೆಲಕ್ಕೆ ಎಸೆದಳು. ಗಿಳಿಗಳು ಹಾರಿ ಮತ್ತೆ ಬಂದು ಕೂತವು. ಟ್ರೇಲರನ್ನು ಎತ್ತಿ ಚಕ್ರ ಬಿಚ್ಚಿದ ಮೇಲೆ ಹಬ್ಬು ಆರುವವರೆಗೆ ಸುಮ್ಮನಿರಬೇಕಾಯಿತು. ಅವಳು ಗಾಡಿಯ ಸುತ್ತ ನಡೆದಳು. ಎರಡನೆಯ ಸುತ್ತಿನಲ್ಲಿ ಅವನೆದುರು ನಿಂತಳು.

"ನನಗೆ ದೋಣಿ ಬೇಕು," ಎಂದಳು. "ನಿನಗೆ ಅಂತಲ್ಲ. ನನಗೆ. ಅಲ್ಲಿ ಬಿಟ್ರೆ ನಾನು ಇನ್ನೆಲ್ಲೂ ಕೂರಲ್ಲ."

ಕ್ಲೆಮ್ ಅವಳನ್ನು ನೋಡಿದ. ಇದು ಅವನಿಗೆ ಹೊಸ ಸುದ್ದಿ.

"ಮತ್ತೆ ನಿನ್ನ ಕೈ ವಿಷಯ," ಅವಳು ಮುಂದುವರಿಸಿದಳು, "ಕಳೆದ ಸಲ ನಿನ್ನ ಗಾಳಕ್ಕೇ ಅಲ್ವಾ ಕಾಣೆ ಮೀನು ಜಾಸ್ತಿ ಬಿದ್ದಿದ್ದು? ಎರೆ ಕುಣೀತಾ ಇದ್ರೆ ಅವು ಬಿಟ್ಟಾವಾ?"

ಅವನ ಬಾಯಿಯ ಒಂದು ಮೂಲೆ ಸ್ವಲ್ಪ ಸರಿಯಿತು. ಯೂಟಿನಿಂದ ಮಡಚುವ ಕುರ್ಚಿ ಇಳಿಸಿ ಹಬ್ಬಿನ ಹತ್ತಿರ ಹಾಕಿಕೊಂಡ.

"ಮುಚ್ಚಳ ತೆಗಿ," ಎಂದ. "ಒಪ್ಪಂದ ಮುರೀತಾ ಇದೀನಿ. ಬೇಕಾದ್ರೆ ಬೈಯಿ."

ಮುಚ್ಚಳ ತೆಗೆದಳು. ಪಿನ್ನನ್ನು ನೇರ ಮಾಡಿ ಎಳೆದಳು. ನಟ್ಟು ಬಿಚ್ಚಲು ಸ್ಪ್ಯಾನರನ್ನು ಎರಡೂ ಕೈಯಲ್ಲಿ ಹಿಡಿಯಬೇಕಾಯಿತು. ಹೊರಗಿನ ಬೇರಿಂಗ್ ಒಣಹುಲ್ಲಿನ ಬಣ್ಣಕ್ಕೆ ತಿರುಗಿತ್ತು.

"ಸುಟ್ಟು ನೀಲಿ ಆಗಿಲ್ಲ. ಕೊಲ್ಲಿಗೆ ಹೋಗಿ ವಾಪಸ್ ಬರೋವರೆಗೆ ತಡೆಯುತ್ತೆ," ಎಂದ ಕ್ಲೆಮ್. "ಆಮೇಲೆ ಇದನ್ನ ಎಸಿ. ತೂತು ನೇರ ಬರ್ಲಿಲ್ಲ ಅಂತ ಮುಂದಕ್ಕೆ ತಿರುಗಿಸಿದ್ಯಾ?"

"ಹೂಂ."

"ಹಿಂದಕ್ಕೆ. ಯಾವಾಗ್ಲೂ ಹಿಂದಕ್ಕೆ. ಬಿಸಿಯಾದ್ರೆ ಕಬ್ಬಿಣ ಊದುತ್ತೆ, ಅದಕ್ಕೆ ಜಾಗ ಬೇಕು."

ಹೊಸ ಗ್ರೀಸನ್ನು ಅಂಗೈಗೆ ಹಾಕಿಕೊಂಡು ಬೇರಿಂಗಿನ ಸಂದಿಗಳಿಗೆ ಒತ್ತಿ ತುಂಬಿದಳು. ನಟ್ಟು ಹಾಕಿ, ಹಬ್ಬನ್ನು ತಿರುಗಿಸುತ್ತ ಬಿಗಿದಳು. ಪೂರ್ತಿ ಸಡಿಲಿಸಿ, ಮತ್ತೆ ಬರೀ ಬೆರಳಲ್ಲಿ ತಿರುಗಿಸಿದಳು. ಈ ಸಲವೂ ತೂತು ನೇರ ಬರಲಿಲ್ಲ. ಒಂದು ಹಲ್ಲು ಹಿಂದಕ್ಕೆ ತಿರುಗಿಸಿ ಪಿನ್ ತೂರಿಸಿದಳು. ಚಕ್ರ ಕೂರಿಸಿ, ಮೇಲೂ ಕೆಳಗೂ ಹಿಡಿದು ಅಲ್ಲಾಡಿಸಿದಳು. ಕಟ್ ಎಂಬ ಸಣ್ಣ ಸದ್ದು.

"ಆಡ್ತಾ ಇದೆ," ಎಂದಳು. ಸದ್ದು ಅವಳ ಹಲ್ಲಿಗೇ ತಗುಲಿದಂತಿತ್ತು. "ಸಡಿಲ ಅಲ್ವಾ ಇದು?"

"ಅಷ್ಟು ಆಡ್ಬೇಕು."

"ನೀನು ಹಿಡಿದು ನೋಡು."

"ನನ್ನ ಕೈ ಹಿಡಿದ್ರೆ ಸೈಲೋನೂ ಆಡುತ್ತೆ ಮಾರಾಯ್ತಿ. ಎಡಗೈಯಲ್ಲಿ ನೋಡ್ತೀನಿ, ಇರು." ಎಡಗೈಯಿಂದ ಹಿಡಿದು ನೋಡಿದ. "ಸರಿಯಿದೆ. ತಿರುಗಿಸು."

ಅವಳು ತಳ್ಳಿದಳು. ಚಕ್ರ ತಿರುಗುತ್ತ ಹೋಯಿತು. ಅವಳು ಸ್ಪ್ಯಾನರನ್ನು ಯೂಟಿಗೆ ಹಾಕಿ ಬಂದ ಮೇಲೂ ಅದು ನಿಧಾನವಾಗಿ ತಿರುಗುತ್ತಲೇ ಇತ್ತು.

ಅಲ್ಲಿಂದ ಮುಂದೆ ಮೂರು ಕಡೆ ನಿಲ್ಲಿಸಿದಳು. ಕ್ಲೆಮ್ ಒಂದು ಸಲವೂ ತಮಾಷೆ ಮಾಡಲಿಲ್ಲ. ಮೂರೂ ಸಲ ಎರಡೂ ಹಬ್ಬು ಒಂದೇ ಹದದಲ್ಲಿ ಬೆಚ್ಚಗಿದ್ದವು.

ಸ್ಟ್ರೀಕಿ ಬೇಯಲ್ಲಿ ದೋಣಿ ಇಳಿಸುವ ಇಳಿಜಾರಿನ ಮುಂದೆ ಆರು ಗಾಡಿಗಳ ಸಾಲಿತ್ತು. ಮೆರಿಲ್ ಸಾಲಿಗೆ ಸೇರದೆ ಪಕ್ಕದ ಪೈನ್ ಮರದ ಕೆಳಗೆ ನಿಲ್ಲಿಸಿದಳು. ಬಿಸಿ ಹಬ್ಬನ್ನು ತಣ್ಣನೆಯ ಕಡಲಿಗೆ ಇಳಿಸಿದರೆ ಅದು ಸೀಲಿನ ಸಂದಿಯಿಂದ ನೀರು ಹೀರುತ್ತದೆ. ಆರುವವರೆಗೆ ಕಾಯಲೇಬೇಕು. ಇಬ್ಬರೂ ಬ್ರೆಡ್ಡು ತಿಂದರು. ಅವಳು ಎರಡು ಸಲ ಎದ್ದು ಹೋಗಿ ಮುಟ್ಟಿ ನೋಡಿ ಬಂದಳು. ಮೂರನೆಯ ಸಲ ಏಳಲು ಹೋದಾಗ ಕ್ಲೆಮ್ ಅವಳ ಅಂಗಿಯ ತುದಿ ಹಿಡಿದು ಕೂರಿಸಿದ.

ಬೆಳಗಿನ ಜಾವವೇ ಹೊರಟು ಇವರಿಗಿಂತ ಮೊದಲು ತಲುಪಿದ್ದ ಡಾರ್ಸಿ ತನ್ನ ಬೇಸಿಗೆ ಮನೆಯ ಕಡೆಯಿಂದ ಚಪ್ಪಲಿ ಎಳೆಯುತ್ತ ಬಂದ.

"ಬಂದೇ ಬಿಟ್ರಾ? ನಾನು ಗಾಡಿ ಎಳೆಯೋ ಹಗ್ಗ ರೆಡಿ ಮಾಡಿ ಇಟ್ಕೊಂಡಿದ್ದೆ."

"ಪೂಚೆರಾದಲ್ಲಿ ಎಡಗಡೆದು ಬಿಸಿಯಾಯ್ತು," ಎಂದ ಕ್ಲೆಮ್.

ಮೆರಿಲ್ ಬ್ರೆಡ್ಡು ಅಗಿಯುವುದನ್ನು ನಿಲ್ಲಿಸಿದಳು. ದಾರಿಯಲ್ಲಿ ನಿಂತರೆ ದೋಣಿ ಯಾರದು ಎಂಬುದು ಮೂವರಿಗೂ ಗೊತ್ತಿತ್ತು.

"ಹಾಗಾದ್ರೆ?" ಎಂದ ಡಾರ್ಸಿ.

"ಹಾಗಾದ್ರೆ ಏನು? ಬಿಚ್ಚಿ ಸರಿ ಮಾಡಿದ್ಲು. ಬಂದ್ವಿ." ಕ್ಲೆಮ್ ಸಾಲಿನ ಕಡೆ ಒಮ್ಮೆ ನೋಡಿ, ಬಲಗೈಯನ್ನು ತೊಡೆಯ ಕೆಳಗಿನಿಂದ ತೆಗೆದು ಮಂಡಿಯ ಮೇಲೆ ಎಲ್ಲರಿಗೂ ಕಾಣುವಂತೆ ಇಟ್ಟುಕೊಂಡ. ಅದು ನಡುಗುತ್ತಿತ್ತು. "ದೋಣಿ ಕೊಡಲ್ಲ ಡಾರ್ಸಿ. ಆದ್ರೆ ಒಂದು ಕೆಲಸ ಇದೆ. ಆ ಕೊಕ್ಕೆ ಬಿಡಿಸೋಕೆ ನನ್ನ ಕೈಲಿ ಆಗಲ್ಲ. ನೀನು ಬಾ."

ಡಾರ್ಸಿ ಕೈಯನ್ನು ನೋಡಿದ, ಆಮೇಲೆ ದೋಣಿಯನ್ನು. "ಹೋಲ್ಡನ್ ಹಬ್ಬಿನ ಗಾಡಿ ಮುಟ್ಟಿದ್ರೆ ನಮ್ಮಪ್ಪ ಗೋರಿಯಿಂದ ಎದ್ದು ಬರ್ತಾನೆ," ಎಂದ. "ಯಾವಾಗ?"

"ಹಬ್ಬು ಆರಲಿ. ಅವಳು ಹೇಳ್ತಾಳೆ."

ಆ ಬೇಸಿಗೆ ಅವರು ಕೊಲ್ಲಿಯಲ್ಲಿ ಇದ್ದಷ್ಟು ದಿನವೂ ಬೆಳಿಗ್ಗೆ ಡಾರ್ಸಿ ಬಂದು ಕೊಕ್ಕೆ ಬಿಡಿಸಿಕೊಟ್ಟ. ಮಾರ್ಚಿನಲ್ಲಿ ಸೆಡೂನಾ ಪಟ್ಟಣದಿಂದ ತನಗೊಂದು ದೋಣಿ ತಂದ, ಫೋರ್ಡ್ ಹಬ್ಬಿನದು. ಏಪ್ರಿಲ್‌ನಲ್ಲಿ, ಈಸ್ಟರಿಗೆ ಹೊರಡುವ ಮೊದಲು, ಮೆರಿಲ್ ಎಡಗಡೆಯ ಹಬ್ಬನ್ನು ಬಿಚ್ಚಿ ಒಣಹುಲ್ಲಿನ ಬಣ್ಣದ ಬೇರಿಂಗನ್ನು ಎಸೆದು ಬೇರೆ ಹಾಕಿದಳು.