ಹಗ್ಗದೊಳಗಿನ ಕತ್ತಿ

ಅತ್ತಿಗುಂಡಿ ಊರಿನ ಮೇಲುಗಡೆ ಶಶಿಧರ್ ಗೌಡರ ಕಾಫಿ ಎಸ್ಟೇಟು ಮುಗಿಯುವಲ್ಲಿ ಒಂದು ಬೋಳುಗುಡ್ಡವಿದೆ. ಕಳೆದ ವರ್ಷವಿಡೀ ಆ ಗುಡ್ಡದ ನೆತ್ತಿಯ ಸುತ್ತ ಒಂದು ತೆಂಗಿನ ನಾರಿನ ಹಗ್ಗ ಇತ್ತು. ಹಗ್ಗ ದಾಟಬೇಕಾದರೆ ದೇವೀರಮ್ಮನ ಅಪ್ಪಣೆ ಬೇಕಿತ್ತು. ದೇವೀರಮ್ಮ ಅಂದರೆ ಅದೇ ಎಸ್ಟೇಟಿನ ಕೂಲಿಯಾಳುಗಳ ಲೈನ್ ಮನೆಯವಳು. ಮೂವತ್ತು ವರ್ಷ ಅಲ್ಲೇ ಕಳೆ ಹೊಡೆದವಳು, ಹಣ್ಣು ಕೊಯ್ದವಳು.

"ಸಾವ್ಕಾರ್ರೆ, ಬೆಲ್ಟು," ಅಂದಳು ಅವಳು ಮೊದಲನೇ ದಿನ.

ಶಶಿಧರ್ ಗೌಡರಿಗೆ ಅರ್ಥವಾಗಲಿಲ್ಲ. "ಏನು?"

"ಬೆಲ್ಟಿಗೆ ಕಬ್ಬಿಣದ ಬಕ್ಕಲ್ಲು ಐತಲ್ಲ. ಅದು ಒಳಗೆ ಬರಂಗಿಲ್ಲ. ಜೀಪಿನ ಬೀಗದ ಕೈ, ವಾಚು, ಮೊಬೈಲು ಎಲ್ಲ ಆ ಕಲ್ಲಿನ ಮೇಲೆ ಇಡಿ."

"ನನ್ನ ಗುಡ್ಡದ ಮೇಲೆ ನಾನೇ ಪ್ಯಾಂಟು ಹಿಡ್ಕೊಂಡು ನಿಂತ್ಕೊಬೇಕೇನೇ?"

"ನಾ ಹೇಳಿದ್ದಲ್ಲ ಸಾವ್ಕಾರ್ರೆ. ತನುಜ ಮೇಡಂ ಹೇಳಿದ್ದು."

ಗೌಡರು ಬೆಲ್ಟು ಬಿಚ್ಚಿ ಕಲ್ಲಿನ ಮೇಲಿಟ್ಟರು. ಅವರ ಅಜ್ಜನ ಕಾಲದಲ್ಲಿ ಬಂಗಲೆಯ ಮೂರನೇ ಮೆಟ್ಟಿಲಿನಿಂದ ಮೇಲಕ್ಕೆ ಲೈನಿನವರು ಕಾಲಿಡುವ ಹಾಗಿರಲಿಲ್ಲ; ದೇವೀರಮ್ಮನ ತಾಯಿ ಜ್ವರದ ಮಾತ್ರೆಗೂ ಕೆಳಗೆ ನಿಂತೇ ಸೆರಗೊಡ್ಡುತ್ತಿದ್ದಳು. ದೇವೀರಮ್ಮ ಇದನ್ನೆಲ್ಲ ಮನಸ್ಸಿನಲ್ಲಿಟ್ಟುಕೊಂಡು ಹಗೆ ಸಾಧಿಸುವ ಹೆಂಗಸಲ್ಲ. ಆದರೆ ಹಗ್ಗಕ್ಕೆ ಗಂಟು ಹಾಕುವಾಗ ಅವಳ ಕೈ ಸ್ವಲ್ಪ ಬಿಗಿಯಾಗಿಯೇ ಎಳೆದಿತ್ತು ಅನ್ನುವುದನ್ನು ನಾನು ಮುಚ್ಚಿಡುವುದಿಲ್ಲ.

ಹಗ್ಗದೊಳಗೆ ಇದ್ದದ್ದು ಒಂದು ಮರದ ಗೂಡು. ಅದರ ನೆಲದ ಗುಂಡಿಯೊಳಗೆ ಭೂಮಿಯ ಕಾಂತಶಕ್ತಿಯನ್ನು ಕ್ಷಣಕ್ಷಣಕ್ಕೂ ಅಳೆಯುವ ಒಂದು ಯಂತ್ರ. ಗೂಡಿಗೆ ಒಂದು ಮೊಳೆಯನ್ನೂ ಹೊಡೆದಿರಲಿಲ್ಲ, ಎಲ್ಲ ಹಿತ್ತಾಳೆ ಸ್ಕ್ರೂ. ಹತ್ತಿರ ಕಬ್ಬಿಣ ಬಂದರೆ ಯಂತ್ರ ಆಕಾಶ ಬಿಟ್ಟು ಕಬ್ಬಿಣವನ್ನೇ ಅಳೆಯುತ್ತದೆ. ಬೆಂಗಳೂರಿನ ಒಂದು ಸಂಶೋಧನಾ ಸಂಸ್ಥೆಯವರು ಇಟ್ಟದ್ದು. ಕಾಯಲು ಊರಿನವರೇ ಬೇಕು ಅಂದಾಗ ಮಂಡಿನೋವಿನ ದೇವೀರಮ್ಮನ ಹೆಸರನ್ನು ಗೌಡರೇ ಕೊಟ್ಟಿದ್ದರು. ಕಳೆ ಹೊಡೆಯಲು ಹೇಗೂ ಆಗುವುದಿಲ್ಲ, ಇಲ್ಲಾದರೂ ಕೂತಿರಲಿ ಎಂದು.

ಸಂಸ್ಥೆಯ ತನುಜಾ ಅವಳಿಗೆ ವಿಷಯವನ್ನು ಬಿಡಿಸಿ ಹೇಳಿದ್ದಳು. ಸೂರ್ಯನಿಂದ ಒಂದು ಗಾಳಿ ಬೀಸುತ್ತದೆ. ಭೂಮಿಯ ಸುತ್ತ ಕಾಂತದ ಒಂದು ಹೊದಿಕೆಯಿದೆ. ಗಾಳಿ ಹೊದಿಕೆಗೆ ಬಡಿದಾಗ ಅಲ್ಲಿ ವಿದ್ಯುತ್ ಕ್ಷೇತ್ರ ಏಳುತ್ತದೆ, ಅದು ಕಣಗಳನ್ನು ತಳ್ಳುತ್ತದೆ, ಅವು ಧ್ರುವದ ಕಡೆ ಇಳಿದು ಆಕಾಶವನ್ನು ಹಸಿರು ಕೆಂಪು ಮಾಡುತ್ತವೆ. ಅದೇ ಅರೋರಾ. ಅದೇ ಹೊಡೆತಕ್ಕೆ ಇಲ್ಲಿನ ಕಾಂತವೂ ಅಲುಗುತ್ತದೆ, ಗುಂಡಿಯ ಯಂತ್ರ ಹಿಡಿಯುವುದು ಅದನ್ನು. ಮೇಲೆ ಒಂದು ಉಪಗ್ರಹ ಉದ್ದುದ್ದ ತಂತಿ ಚಾಚಿಕೊಂಡು ತಿರುಗುತ್ತ ಆ ಕ್ಷೇತ್ರವನ್ನು ಅಳೆಯುತ್ತದೆ.

"ಇಬ್ಬರು ಸೀರೆ ಒಣಹಾಕುವಾಗ ಎರಡು ತುದಿ ಹಿಡಿದು ನಿಲ್ತಾರಲ್ಲ, ಹಾಗೆ. ಒಂದು ತುದಿಗೂ ಇನ್ನೊಂದಕ್ಕೂ ಎಷ್ಟು ವ್ಯತ್ಯಾಸ ಅಂತ ನೋಡುತ್ತೆ. ಮೇಲೆ ಅದು ಸಾಕ್ಷಿ, ಕೆಳಗೆ ನೀವು ಸಾಕ್ಷಿ, ದೇವೀರಮ್ಮ."

"ಆ ಬಣ್ಣ ಇಲ್ಲಿ ಕಾಣ್ತದಾ ಮೇಡಂ?"

"ಇಲ್ಲಿ ಕಾಣಲ್ಲ. ನಾವು ತುಂಬ ದಕ್ಷಿಣದಲ್ಲಿದ್ದೀವಿ."

ಲೈನ್ ಮನೆಯಲ್ಲಿ ಮಳೆಗಾಲದುದ್ದಕ್ಕೂ ವಾರಕ್ಕೆ ನಾಲ್ಕು ದಿನ ಕರೆಂಟಿರಲಿಲ್ಲ. ಸೀಮೆಎಣ್ಣೆ ಬುಡ್ಡಿಯ ಬೆಳಕಿನಲ್ಲಿ ಉಂಡು ಬಂದು ದೇವೀರಮ್ಮ ಆಕಾಶದ ಕರೆಂಟನ್ನು ಕಾಯುತ್ತಿದ್ದಳು. ಇದರಲ್ಲಿ ನಗುವಂಥದ್ದು ಅವಳಿಗೇನೂ ಕಾಣಲಿಲ್ಲ.

ಸೇಫ್ಟಿ ಪಿನ್ನು ಚುಚ್ಚಿಕೊಂಡು ಬಂದಿದ್ದ ಪಕ್ಕದ ಮನೆಯ ಹುಚ್ಚಮ್ಮನನ್ನು ಹಗ್ಗದಾಚೆಯೇ ನಿಲ್ಲಿಸಿದಳು. "ಏನೇ ಮಾರಾಯ್ತಿ, ಬ್ರಾಹ್ಮಣರ ಮಡಿಗಿಂತ ಜೋರಾಯ್ತಲ್ಲ ನಿಂದು!" ಅಂದಳು ಹುಚ್ಚಮ್ಮ. "ಮಡಿ ಅಲ್ಲ, ಸಾಯನ್ಸು," ಅಂದಳು ದೇವೀರಮ್ಮ. ಇಷ್ಟು ದೊಡ್ಡ ಮಾತು ಅವಳ ಬಾಯಲ್ಲಿ ಬಂದದ್ದು ಅದೇ ಮೊದಲು. ಹೇಳಿಕೊಂಡದ್ದು ಅವಳಿಗೆ ತುಂಬ ಹಿಡಿಸಿತು.

ಆದರೆ ಸಂಸ್ಥೆಯ ಜೊತೆಗಿನ ಒಪ್ಪಂದ ಡಿಸೆಂಬರಿಗೆ ಮುಗಿಯುವುದಿತ್ತು. ಬೇರೆಡೆ ಸಿಗದ ವಿಶೇಷವೇನಾದರೂ ದಾಖಲಾದರೆ ಐದು ವರ್ಷ ಮುಂದುವರಿಕೆ, ಇಲ್ಲವಾದರೆ ಗಂಟುಮೂಟೆ. ಗೌಡರು ಆಗಲೇ ಅದೇ ಗುಡ್ಡದ ಮೇಲೆ ಗಾಜಿನ ಕಾಟೇಜು ಕಟ್ಟುವ ನಕ್ಷೆ ತರಿಸಿದ್ದರು. ಯಂತ್ರ ಹೋದರೆ ಹಗ್ಗವೂ ಹೋಗುತ್ತದೆ. ದೇವೀರಮ್ಮನಿಗೆ ಸಂಬಳಕ್ಕಿಂತ ಹೆಚ್ಚಾಗಿ ಆ ಹಗ್ಗ ಬೇಕಾಗಿತ್ತು. ಬೇಕಾಗಿತ್ತು ಅನ್ನುವುದಕ್ಕಿಂತ, ಅದಿಲ್ಲದೆ ಮೊದಲು ಹೇಗಿದ್ದೆ ಎಂಬುದೇ ಅವಳಿಗೆ ಮರೆತುಹೋಗಿತ್ತು.

ಅಷ್ಟರಲ್ಲಿ ಆಯುಧಪೂಜೆ ಬಂತು. ಲೈನಿನವರೆಲ್ಲ ಕತ್ತಿ, ಗುದ್ದಲಿ, ಹಾರೆ ತೊಳೆದು ವಿಭೂತಿ ಬಳಿದರು. ಅನ್ನ ಕೊಡುವ ಆಯುಧಕ್ಕೆ ವರ್ಷಕ್ಕೊಂದು ಹೂವು ಇಡದಿದ್ದರೆ ಅದು ಕೈ ಬಿಡುತ್ತದೆ. ಇದು ಅಲ್ಲಿ ಯಾರೂ ಯಾರಿಗೂ ಹೇಳಿಕೊಡಬೇಕಾದ ಮಾತಲ್ಲ. ದೇವೀರಮ್ಮನಿಗೆ ಈಗ ಅನ್ನ ಕೊಡುವುದು ಯಂತ್ರ. ಆದರೆ ಮೂವತ್ತು ವರ್ಷ ಕೊಟ್ಟದ್ದು ಕಳೆ ಕತ್ತಿ. ಹೊಸಬನಿಗೆ ಒಳಗೆ ಮಂಗಳಾರತಿ ಎತ್ತಿ ಹಳೆಯವಳನ್ನು ಹಗ್ಗದಾಚೆ ಕಲ್ಲಿನ ಮೇಲೆ ಮಲಗಿಸುವುದೇ? ಹೊರಗೆ ನಿಲ್ಲಿಸಿಕೊಂಡವರ ಸಂಕಟ ಅವಳಿಗೆ ಗೊತ್ತಿಲ್ಲದ್ದಲ್ಲ. ಕಬ್ಬಿಣ ಒಳಗೆ ಬರಬಾರದೆಂಬ ನಿಯಮ ನೆನಪಿತ್ತು. ಅದು ಮನುಷ್ಯರಿಗೆ, ದೇವರ ಕೆಲಸಕ್ಕಲ್ಲ ಎಂದು ಅವಳೇ ತೀರ್ಪು ಕೊಟ್ಟುಕೊಂಡಳು. ಬೆಳಿಗ್ಗೆ ಕತ್ತಿಗೆ ಕುಂಕುಮವಿಟ್ಟು, ಚೆಂಡುಹೂ ಸುತ್ತಿ, ಗುಂಡಿಯ ಮುಚ್ಚಳದ ಪಕ್ಕ ಮಲಗಿಸಿದಳು. ಅದೇ ಹೊತ್ತಿಗೆ ಕೆಳಗೆ ತಿರುವಿನಲ್ಲಿ ಮೊದಲ ಬಸ್ಸು ಹಾರ್ನ್ ಹೊಡೆಯಿತು. ಕರ್ಪೂರ ಹಚ್ಚಿ, ಕೈ ಮುಗಿದು, ಅರ್ಧ ಗಂಟೆ ಬಿಟ್ಟು ಕತ್ತಿಯನ್ನು ಮನೆಗೆ ಒಯ್ದಳು. ಯಾರೂ ನೋಡಲಿಲ್ಲ.

ಆಕಾಶಕ್ಕೂ ಅದೇ ದಿನವೇ ಬೇಕಿತ್ತು! ಹಿಂದಿನ ಸಂಜೆಯಿಂದ ಸೂರ್ಯನ ಗಾಳಿ ಭೂಮಿಗೆ ಅಪ್ಪಳಿಸುತ್ತಿತ್ತು. ಲಡಾಖಿನಲ್ಲೇ ಆಕಾಶ ಕೆಂಪಾಗಿತ್ತಂತೆ. ಎರಡು ವಾರದ ನಂತರ ತನುಜಾಳ ಫೋನು ಬಂತು.

"ದೇವೀರಮ್ಮ, ನಿಮ್ಮ ಗುಡ್ಡ ಗೆದ್ದುಬಿಟ್ಟಿತು! ಆಯುಧಪೂಜೆ ದಿನ ಬೆಳಿಗ್ಗೆ ಏಳು ನಲವತ್ತಕ್ಕೆ ಯಂತ್ರದ ಗೆರೆ ಗೋಡೆ ಎದ್ದ ಹಾಗೆ ನೆಟ್ಟಗೆ ಎದ್ದಿದೆ. ದೇಶದಲ್ಲಿ ಬೇರೆಲ್ಲೂ ಹೀಗೆ ಬಂದಿಲ್ಲ. ನಮ್ಮ ಪ್ರೊಫೆಸರ್ ಕುಣೀತಿದ್ದಾರೆ. ಉಪಗ್ರಹದಲ್ಲೂ ಅದೇ ಹೊತ್ತಿಗೆ ವಿದ್ಯುತ್ ಕ್ಷೇತ್ರ ಅಲುಗಾಡಿದೆ."

ಆ ದಿನವಿಡೀ ಅದು ಅಲುಗಾಡುತ್ತಲೇ ಇತ್ತು; ಬೇಕಾದ ನಿಮಿಷಕ್ಕೆ ಬೇಕಾದ ಅಲುಗಾಟ ಹುಡುಕಿದರೆ ಸಿಗದೆ ಇರುತ್ತದೆಯೇ? ದೊಡ್ಡ ಓದಿನವರಿಗೂ ಆಸೆ ಹುಟ್ಟಿದರೆ ಕಣ್ಣು ಮಂಜಾಗುತ್ತದೆ.

ದೇವೀರಮ್ಮ ಫೋನು ಹಿಡಿದುಕೊಂಡೇ ಕೂತಳು. ಏಳು ನಲವತ್ತು. ಮೊದಲ ಬಸ್ಸಿನ ಹೊತ್ತು.

ಮುಂದಿನ ನಾಲ್ಕು ದಿನ ಅವಳಿಗೆ ಅನ್ನ ರುಚಿಸಲಿಲ್ಲ. ಪ್ರೊಫೆಸರು ಬರುತ್ತಾರಂತೆ, ಅವಳಿಗೆ ಶಾಲು ಹೊದಿಸುತ್ತಾರಂತೆ, ಒಪ್ಪಂದ ಐದು ವರ್ಷ ಮುಂದಕ್ಕಂತೆ. ಬಾಯಿ ಮುಚ್ಚಿಕೊಂಡಿದ್ದರೆ ಸಾಕಿತ್ತು, ಹಗ್ಗ ಉಳಿಯುತ್ತಿತ್ತು. ಆದರೆ ಸಾಕ್ಷಿ ಎಂದು ಕೂರಿಸಿದ್ದಾರಲ್ಲ! ವರ್ಷವಿಡೀ ಊರವರ ಪಿನ್ನು, ಕೀಲಿಕೈ ಹಿಡಿದವಳು ತನ್ನ ಒಂದೂವರೆ ಮೊಳದ ಕತ್ತಿಯನ್ನು ನುಂಗಿಕೊಳ್ಳಬೇಕು. ಅವಳಿಗೆ ಭಯವಾಯಿತು. ನಾಚಿಕೆ ಅದಕ್ಕಿಂತ ಹೆಚ್ಚಾಯಿತು.

ಪ್ರೊಫೆಸರು ಬಂದರು, ಬೆಲ್ಟು ವಾಚು ಕಲ್ಲಿನ ಮೇಲಿಟ್ಟರು. ಗೌಡರೂ ಇಟ್ಟರು. ತನುಜಾ ಶಾಲಿನ ಮಡಿಕೆ ಬಿಡಿಸಿದಳು.

"ಶಾಲು ಬ್ಯಾಡಿ," ಅಂದಳು ದೇವೀರಮ್ಮ. "ಅವತ್ತು ಎದ್ದಿದ್ದು ಆಕಾಶ ಅಲ್ಲ. ನನ್ನ ಕತ್ತಿ."

ಪೂಜೆಯ ಬೆಳಿಗ್ಗೆ ಮಾಡಿದ್ದನ್ನೆಲ್ಲ ಹೇಳಿದಳು. ಪ್ರೊಫೆಸರು ಗುಂಡಿಯ ಮುಚ್ಚಳವನ್ನು ನೋಡಿದರು. ಆಮೇಲೆ, "ಕತ್ತಿ ತನ್ನಿ. ಅವತ್ತು ಇಟ್ಟ ಹಾಗೇ ಇಡಿ," ಅಂದರು. ಇಟ್ಟಳು. ತನುಜಾಳ ಲ್ಯಾಪ್‌ಟಾಪು ಹಗ್ಗದಾಚೆ ದೂರದಲ್ಲಿತ್ತು. ಎಲ್ಲರೂ ಅದನ್ನು ಬಗ್ಗಿ ನೋಡಿದರು. ಗೆರೆ ಗೋಡೆ ಎದ್ದ ಹಾಗೆ ನೆಟ್ಟಗೆ ಎದ್ದಿತು. ಕತ್ತಿ ತೆಗೆದಾಗ ಅಷ್ಟೇ ನೆಟ್ಟಗೆ ಇಳಿಯಿತು.

"ಇದರ ಬಗ್ಗೆ ಬರೆದಿದ್ದು ಇನ್ನೂ ಯಾರಿಗೂ ಕಳಿಸಿಲ್ಲ, ಪುಣ್ಯ," ಅಂದಳು ತನುಜಾ. ಅವಳ ಕಣ್ಣಲ್ಲಿ ನೀರಿತ್ತು. ಶಾಲನ್ನು ಮತ್ತೆ ಮಡಚಿ ಚೀಲಕ್ಕೆ ಹಾಕುವುದೋ, ಹೊದಿಸುವುದೋ ತಿಳಿಯದೆ ಕೊನೆಗೆ ಕಲ್ಲಿನ ಮೇಲೆ ಬಿಟ್ಟು ಹೋದಳು. ನಿಜ ಹೇಳಿದವರಿಗೆ ಹೊದಿಸುವ ಶಾಲನ್ನು ಯಾವ ಸಂಸ್ಥೆಯೂ ಖರೀದಿಸಿಟ್ಟಿರುವುದಿಲ್ಲ. ಡಿಸೆಂಬರಿನಲ್ಲಿ ಒಂದು ಕಾಗದ ಬಂತು: ಮುಂದುವರಿಸಲು ವಿಶೇಷ ಕಾರಣ ಕಂಡುಬಂದಿಲ್ಲ. ಹಿತ್ತಾಳೆ ಸ್ಕ್ರೂಗಳನ್ನು ಎಣಿಸಿ ಒಯ್ದರು.

ಈಗ ಆ ಗುಡ್ಡದ ಮೇಲೆ ಕಬ್ಬಿಣದ ಕಂಬಗಳ ಗಾಜಿನ ಕಾಟೇಜಿದೆ. ಗೇಟಿಗೆ 'ಅರೋರಾ ಪಾಯಿಂಟ್' ಅಂತ ಬೋರ್ಡು. ಇಲ್ಲೊಂದು ಯಂತ್ರವಿತ್ತು, ಆಕಾಶದ ಬಣ್ಣದ ಬಗ್ಗೆ ಸಂಶೋಧನೆ ನಡೆದಿತ್ತು ಎಂದು ಗೌಡರು ಅತಿಥಿಗಳಿಗೆ ಹೇಳುತ್ತಾರೆ. ಅದರಲ್ಲಿ ಸುಳ್ಳೇನೂ ಇಲ್ಲ. ಅತಿಥಿಗಳನ್ನು ನೋಡಿಕೊಳ್ಳಲು ದೇವೀರಮ್ಮನನ್ನೇ ಕರೆದರು. ಅವಳು ಒಲ್ಲೆನೆಂದು, ಮಂಡಿಗೆ ಬಟ್ಟೆ ಕಟ್ಟಿಕೊಂಡು ಕಳೆ ಹೊಡೆಯಲು ಹೋದಳು. ಹಗ್ಗವನ್ನು ಬಿಚ್ಚಿ ತಂದು ಲೈನ್ ಮನೆಯ ಮುಂದೆ ಸೀರೆ ಒಣಹಾಕಲು ಕಟ್ಟಿದ್ದಾಳೆ.

ಮೊನ್ನೆ ಕಾಟೇಜಿನ ದಂಪತಿ ತೋಟದ ದಾರಿಯಲ್ಲಿ ಅವಳನ್ನು ತಡೆದು ಕೇಳಿದರು.

"ಅಮ್ಮ, ಇಲ್ಲಿ ಅರೋರಾ ಯಾವಾಗ ಕಾಣುತ್ತೆ?"

"ಕಾಣಲ್ಲ," ಅಂದಳು ದೇವೀರಮ್ಮ. ಅವರ ಮುಖ ಸಪ್ಪಗಾದದ್ದು ನೋಡಿ ಅವಳಿಗೆ ಅಯ್ಯೋ ಅನ್ನಿಸಿತು. ಸೊಂಟದಿಂದ ಕತ್ತಿ ತೆಗೆದು ತೋರಿಸಿದಳು. "ಒಂದು ಸಲ ಬಂದಂಗಾಗಿತ್ತು. ಬಂದಿದ್ದು ಇದೇ."