ಕೊರಳಲ್ಲಿ ಟ್ಯಾಗು, ಕೈಯಲ್ಲಿ ಪೊರಕೆ

ಕೈಯಿಂದ ಇನ್ನೂ ವಾಸನೆ ಬರುತ್ತಿದೆಯೇನೋ ಎಂಬುದು ಮರಿತಾಯಮ್ಮನವರ ದಿನದ ಮೊದಲ ಚಿಂತೆ. ಕುದೇರಿನಿಂದ ಹೊರಡುವ ಮೊದಲ ಬಸ್ಸಿನಲ್ಲಿ, ಕಿಟಕಿಯ ಪಕ್ಕ ಕೂತು, ಬಲಗೈಯನ್ನು ಮೂಗಿನವರೆಗೆ ತಂದು, ಯಾರಾದರೂ ನೋಡಿಯಾರೆಂದು ಸೆರಗಿನಡಿಗೆ ಇಳಿಸುತ್ತಾರೆ. ನಿನ್ನೆ ಸಂಜೆ ಸೀಗೆಪುಡಿ ಹಾಕಿ ಉಜ್ಜಿದ್ದಾಗಿದೆ, ಆಮೇಲೆ ನಿಂಬೆ ಸಿಪ್ಪೆಯಲ್ಲೂ ತಿಕ್ಕಿದ್ದಾಗಿದೆ. ಪಕ್ಕದಲ್ಲಿ ಕೂತವರಿಗೆ ಏನೂ ತಾಕುವುದಿಲ್ಲ. ಮರಿತಾಯಮ್ಮನವರಿಗೆ ಮಾತ್ರ ಫಿನಾಯಿಲ್ಲು ಮನೆಯಿಂದಲೇ ಜೊತೆಗೆ ಬಸ್ಸು ಹತ್ತಿದಂತೆ ಅನ್ನಿಸುತ್ತದೆ.

ಸಂತೆಮರಹಳ್ಳಿಯಲ್ಲಿ ಬಸ್ಸು ತುಂಬುತ್ತದೆ. ಹೂವಿನ ಮಂಕರಿ ಹೊತ್ತ ಹೆಂಗಸೊಬ್ಬಳು ಅವರ ಕೊರಳಲ್ಲಿ ತೂಗುವ ನೀಲಿ ಟ್ಯಾಗು, ಅದರ ತುದಿಯ ಗುರುತಿನ ಕಾರ್ಡು ನೋಡಿ, "ಡೂಟಿಗಾ ಮೇಡಮ್ಮೋರೆ? ವಸಿ ಸರ್ಕಳಿ," ಎನ್ನುತ್ತಾಳೆ. ಮರಿತಾಯಮ್ಮ ಸರಿದು ಕೂರುತ್ತಾರೆ. ಹೌದು ಎನ್ನುವುದಿಲ್ಲ, ಅಲ್ಲ ಎನ್ನುವುದೂ ಇಲ್ಲ. ಕಿಟಕಿಯಾಚೆ ನೋಡುತ್ತಾರೆ.

ಚಾಮರಾಜನಗರ ದಾಟಿ ಗುಂಡ್ಲುಪೇಟೆ ರಸ್ತೆಗೆ ಹೊರಳಿದರೆ, ಕರಿಕಲ್ಲಿನ ಹಳೇ ಕ್ವಾರಿಯ ಪಕ್ಕದಲ್ಲಿ ಅವರು ಕೆಲಸ ಮಾಡುವ ವಿಶ್ವವಿದ್ಯಾಲಯ. ಫಲಕದಲ್ಲಿ ಎಷ್ಟು ಉದ್ದದ ಹೆಸರು ಬರೆದಿದ್ದರೂ ಸುತ್ತಲಿನವರಿಗೆ ಅದು ‘ಗುಡ್ಡದ ಕಾಲೇಜು’. ಬೆಳಕು ಇನ್ನೂ ಸರಿಯಾಗಿ ಬಿಟ್ಟಿರುವುದಿಲ್ಲ. ಗೇಟಿನಲ್ಲಿ ಕಾವಲುಗಾರ ರಾಜಣ್ಣ ಮಫ್ಲರಿನೊಳಗಿಂದಲೇ ಕೇಳುತ್ತಾನೆ.

"ಬಂದ್ರಾ ವೀಸಿ ಮೇಡಮ್ಮು? ತಗೀಲಾ ಗೇಟು?"

"ತಗಿ ತಗಿ. ಮೀಟಿಂಗ್ ಅದೆ. ನಿನ್ನೇ ತಗೀಬೇಕು ಅಂತಾನೆ ಮೀಟಿಂಗು."

ರಾಜಣ್ಣ ನಗುತ್ತಾನೆ. ಮರಿತಾಯಮ್ಮ ಮೆಟ್ಟಿಲ ಕೆಳಗಿನ ಸಾಮಾನು ಕೋಣೆಗೆ ಹೋಗಿ ಇಸ್ತ್ರಿ ಸೀರೆ ಬಿಚ್ಚಿ, ಹಳೆಯದನ್ನು ಉಟ್ಟು, ಟ್ಯಾಗನ್ನು ಕೊರಳಿಂದ ತೆಗೆದು ಮೊಳೆಗೆ ನೇತುಹಾಕುತ್ತಾರೆ. ಕೆಲಸದ ಹೊತ್ತಿನಲ್ಲಿ ಟ್ಯಾಗು ಮೊಳೆಯ ಮೇಲೆ. ಊರಿನ ದಾರಿಯಲ್ಲಿ ಕೊರಳಲ್ಲಿ. ಈ ಅದಲುಬದಲು ಶುರುವಾಗಿ ಬಹಳ ವರ್ಷವಾಯಿತು.

ಮೂರು ಮಹಡಿಯ ಎರಡು ಕಟ್ಟಡಗಳಲ್ಲಿ ಹೆಣ್ಣುಮಕ್ಕಳ ಶೌಚಾಲಯಗಳೆಲ್ಲ ಅವರ ಪಾಲು. ಒಳಗೋಡೆಯಿಂದ ಬಾಗಿಲ ಕಡೆಗೆ ನೀರು ತಳ್ಳುತ್ತ ಬರುತ್ತಾರೆ. ತೊಳೆಯುವುದಕ್ಕೆ ಮೊದಲು ಒಂದೊಂದು ಬಾಗಿಲೂ ಹಾಕಿ, ಚಿಲಕ ಜಗ್ಗಿ ನೋಡುತ್ತಾರೆ. ಸಡಿಲವಾಗಿದ್ದರೆ ಬಡಗಿ ಬರುವವರೆಗೆ ಹಳೇ ಸೀರೆಯ ಅಂಚನ್ನು ಹರಿದು ಕುಣಿಕೆ ಕಟ್ಟುತ್ತಾರೆ. "ಎಷ್ಟ್ ತೊಳುದ್ರೂ ಚಿಲ್ಕ ಇಲ್ದಿದ್ರೆ ಯಾವ್ ಹೆಣ್ಮಗಾನೂ ಒಳಿಕ್ ಓಗಲ್ಲ ಕಣವ್ವ. ಸಂಜೆಗಂಟ ತಡ್ಕಂಡ್ ಕೂತಿರ್ತವೆ," ಎನ್ನುತ್ತಾರೆ. ಹುಡುಗಿಯರ ಮೊದಲ ಬಸ್ಸು ಬರುವಷ್ಟರಲ್ಲಿ ನೆಲ ಒಣಗಿರಬೇಕು, ತಾವು ಅಲ್ಲಿರಬಾರದು. ಇದು ಅವರಿಗೆ ಯಾರೂ ಹಾಕಿದ ನಿಯಮವಲ್ಲ.

ಆದರೂ ಕೆಲವರ ಕಣ್ಣಿಗೆ ಬೀಳುತ್ತಾರೆ. ಹರವೆ ಕಡೆಯಿಂದ ಬರುವ ಕಾವ್ಯಶ್ರೀ, ಅರ್ಥಶಾಸ್ತ್ರದ ವಿದ್ಯಾರ್ಥಿನಿ, ಸೆಮಿನಾರಿನ ದಿನ ಬೇಗ ಬಂದು ಶೌಚಾಲಯದ ಕನ್ನಡಿಯ ಮುಂದೆ ನಿಂತು ಇಂಗ್ಲಿಷಿನಲ್ಲಿ ಮಾತಾಡಿಕೊಳ್ಳುತ್ತಾಳೆ. ಕೇಳಲು ಮರಿತಾಯಮ್ಮನವರೇ ಬೇಕು.

"ಹೆಂಗಿತ್ತು ಮರಿತಾಯವ್ವ?"

"ಅರ್ಥ ಆಗ್ನಿಲ್ಲ. ಆದ್ರೆ ಮೊದ್ಲು ನೀನು ನೆಲ ನೋಡ್ತಿದ್ದೆ, ಈಗ ನನ್ ಮಕ ನೋಡ್ದೆ. ಓಗು, ಹಂಗೇ ಮಾತಾಡು."

ಈ ಕಟ್ಟಡಗಳು ಏಳುವಾಗ ಇಟ್ಟಿಗೆ, ಗಾರೆ ಹೊತ್ತವರಲ್ಲಿ ಮರಿತಾಯಮ್ಮನವರೂ ಒಬ್ಬರು. ಆಗ ಇದು ಪೇಟೆಯ ಬಾಡಿಗೆ ಕಟ್ಟಡವೊಂದರಲ್ಲಿ ಕೆಲವೇ ವಿಷಯ ಕಲಿಸುತ್ತಿದ್ದ ಸ್ನಾತಕೋತ್ತರ ಕೇಂದ್ರ. ಗುಡ್ಡದ ಬುಡಕ್ಕೆ ಬಂದ ಹೊಸದರಲ್ಲಿ ಹುಡುಗಿಯರಿಗೆಂದು ಹಿತ್ತಿಲಲ್ಲಿ ತಗಡಿನ ಬಾಗಿಲಿನ ಒಂದೇ ಒಂದು ಕೋಣೆ ಇತ್ತು. ಮಧ್ಯಾಹ್ನ ನಲ್ಲಿಯ ಹತ್ತಿರ ಯಾವ ಹುಡುಗಿಯೂ ಸುಳಿಯುತ್ತಿರಲಿಲ್ಲ. ನೀರು ಕುಡಿದರೆ ತಾನೆ ತೊಂದರೆ. ಕಟ್ಟಡ ಮುಗಿದಾಗ ಗುತ್ತಿಗೆದಾರರು ಗಾರೆಯವರಲ್ಲೇ ಕೆಲವರನ್ನು ಸ್ವಚ್ಛತೆಗೆ ಉಳಿಸಿಕೊಂಡರು. ಆಮೇಲೆ ಗ್ರಂಥಾಲಯ ಬಂತು, ಹಾಸ್ಟೆಲ್ ಬಂತು, ವಿದ್ಯಾರ್ಥಿಗಳ ಸಹಾಯಕ್ಕೆಂದೇ ಒಂದು ಕೌಂಟರು ಬಂತು. ಒಂದು ದಿನ ಕೇಂದ್ರ ಹೋಗಿ ವಿಶ್ವವಿದ್ಯಾಲಯವಾಯಿತು. ಹೊಸ ಫಲಕದ ಜೊತೆ ಎಲ್ಲರಿಗೂ ಹಳೆಯದರ ಬದಲು ಹೊಸ ಟ್ಯಾಗು ಬಂತು, ಮರಿತಾಯಮ್ಮನವರಿಗೂ.

ನಿಮ್ಮ ಬಗ್ಗೆ ಪತ್ರಿಕೆಗೆ ಬರೆಯುತ್ತೇವೆ ಎಂದು ನಾವು ಮೊದಲು ಕೇಳಿದಾಗ ಅವರು ಒಪ್ಪಿರಲಿಲ್ಲ. "ಫೋಟೋ ಗೀಟೋ ಬ್ಯಾಡಿ ಕಣವ್ವ. ಎಲೆ ಮರೇಲಿರ ಕಾಯ್ನ ಎಲೆ ಮರೇಲೇ ಬುಡಿ," ಎಂದು ಬಕೆಟ್ಟು ಎತ್ತಿಕೊಂಡು ನಡೆದಿದ್ದರು. ಕಾರಣ ಗೊತ್ತಾಗಿದ್ದು ನಿಧಾನವಾಗಿ.

ಅವರ ತವರಿನ ಕೇರಿಯಲ್ಲಿ ಅಪ್ಪ ಚಿಕ್ಕಮಾದಯ್ಯನವರ ಹೆಸರನ್ನು ಹಿರಿಯರು ಈಗಲೂ ಎತ್ತುತ್ತಾರೆ. ಸತ್ತ ದನ ಎಳೆಯುವುದನ್ನು ಮೊದಲು ನಿಲ್ಲಿಸಿದ ಮನೆ ಅವರದು. ಇನ್ನು ಮುಂದೆ ನನ್ನ ಮನೆಯವರು ಯಾರೂ ಇನ್ನೊಬ್ಬರ ಹೊಲಸು ಮುಟ್ಟುವುದಿಲ್ಲ ಎಂದು ಕೇರಿಯ ನಡುವೆ ನಿಂತು ಹೇಳಿದ್ದರಂತೆ. ಅದಕ್ಕಾಗಿ ಕೂಲಿ ಕಳೆದುಕೊಂಡರು, ಒಪ್ಪೊತ್ತು ಉಂಡರು, ಆದರೆ ಮಾತು ಬಿಡಲಿಲ್ಲ.

"ನಮ್ಮಪ್ಪ ಬುಡಿಸಿದ್ ಕೆಲ್ಸನ ನಾನೇ ಹುಡೀಕಂಡ್ ಓಗಿ ಮಾಡ್ದಂಗಾಯ್ತು," ಎನ್ನುತ್ತಾರೆ ಮರಿತಾಯಮ್ಮ. "ಗ್ಲೌಸು ಕೊಡ್ತರೆ, ಬೂಟು ಕೊಡ್ತರೆ, ಯಾರೂ ಲೇ ಅನ್ನಲ್ಲ. ಎಲ್ಲಾ ಸರಿ. ಅಪ್ಪನ ಫೋಟೋ ಮುಂದ್ಗಡೆ ನಿಂತ್ರೆ ಮಾತ್ರ ಮಕ ಎತ್ತಕಾಗಲ್ಲ. ಗಂಡ ತೀರೋಗಿದ್ದ, ಮಗ್ಳು ಇಸ್ಕೂಲಲ್ಲಿದ್ಲು, ಇನ್ನೇನ್ ಮಾಡ್ಲಿ ಅಂತೀನಿ. ಫೋಟೋ ಏನೂ ಯೋಳಲ್ಲ."

ಹಾಗಾಗಿ ಊರಿಗೆ ಅವರು ‘ಯೂನಿವರ್ಸಿಟೀಲಿರೋರು’, ಅಷ್ಟೆ. ಮಗಳು ಪ್ರಿಯಾಂಕಳನ್ನು ನೋಡಲು ಗುಂಡ್ಲುಪೇಟೆಯವರು ಬಂದ ದಿನವೂ ಮೈದುನ ಅದನ್ನೇ ಹೇಳಿದ. "ನಮ್ಮತ್ತಿಗೆ ಯೂನಿವರ್ಸಿಟೀಲವ್ರೆ." ಬಂದವರ ಕಣ್ಣು ಗೋಡೆಯಲ್ಲಿ ತೂಗುತ್ತಿದ್ದ ಟ್ಯಾಗಿನ ಮೇಲೆ ಹೋಯಿತು. ಮರಿತಾಯಮ್ಮ ಟೀ ಲೋಟ ಹಂಚುತ್ತಿದ್ದರು. ಅಡುಗೆಮನೆ ಬಾಗಿಲಲ್ಲಿ ನಿಂತಿದ್ದ ಪ್ರಿಯಾಂಕ ಅಮ್ಮನ ಮುಖ ನೋಡಿ ತಲೆ ತಗ್ಗಿಸಿದಳು. ಲೋಟ ಹಂಚುವುದು ಮುಗಿಯಿತು, ಮಾತು ಬೇರೆ ಕಡೆ ಹೋಯಿತು.

ಗಂಡು ದೇವರಾಜು, ಕೇರಳಕ್ಕೆ ತರಕಾರಿ ಲಾರಿ ಓಡಿಸುವವನು. ಅವನ ತಾಯಿ ಪುಟ್ಟಮಾದಮ್ಮ ಗುಂಡ್ಲುಪೇಟೆಯ ಮಂಡಿಯಲ್ಲಿ ಟೊಮೆಟೊ ಆರಿಸುವ ಹೆಂಗಸು. ಮಲಯಾಳದ ವ್ಯಾಪಾರಿಗಳನ್ನು ಅವರ ಮಾತಿನಲ್ಲೇ ಬೈಯಬಲ್ಲ ಗಟ್ಟಿಗಿತ್ತಿ. ತಾಂಬೂಲ ಬದಲಾಯಿಸಿದ್ದಾಯಿತು, ಮದುವೆ ದೀಪಾವಳಿ ಕಳೆದ ಮೇಲೆ ಎಂದಾಯಿತು. ಅಷ್ಟರಲ್ಲಿ ಫೋನು ಬಂತು. ಪುಟ್ಟಮಾದಮ್ಮನ ಮಗಳು ಸಿಂಧು ಎಂ.ಎ.ಗೆ ಸೇರಬೇಕು, ಹಾಸ್ಟೆಲ್ ಸಿಕ್ಕರೆ ಮಾತ್ರ. ದಿನಾ ಗುಂಡ್ಲುಪೇಟೆಯಿಂದ ಓಡಾಡಲು ಅವಳ ಅಪ್ಪ ಬಿಡುವುದಿಲ್ಲ. "ನೀವೇ ಅಲ್ಲಿರುವಾಗ ನಮ್ಗೇನ್ ಯೋಚ್ನೆ ಬೀಗ್ರೆ," ಎಂದರು ಪುಟ್ಟಮಾದಮ್ಮ. ಮರಿತಾಯಮ್ಮನವರ ಬಾಯಿಂದ ಬಂದದ್ದು, "ಬನ್ನಿ, ನೋಡನ."

ಅವರು ಬಂದದ್ದು ಹಾಸ್ಟೆಲ್ ಅರ್ಜಿಯ ಕೊನೆಯ ದಿನ. ಗೇಟಿನಲ್ಲಿ, "ಮರಿತಾಯಮ್ಮ ಮೇಡಮ್ಮೋರು ಎಲ್ಲವ್ರೆ?" ಎಂದು ಕೇಳಿದಾಗ ರಾಜಣ್ಣನಿಗೆ ನಗು ಬಂತು. ಆದರೆ ತಾಯಿ, ಮಗಳು ತೊಟ್ಟ ಹಬ್ಬದ ಬಟ್ಟೆ ನೋಡಿ ನುಂಗಿಕೊಂಡ. ಫೋನು ಮಾಡಿ, ಅವರಿಗೂ ಕೇಳುವಂತೆ, "ಮೇಡಮ್ಮೋರೆ, ನಿಮ್ ಬೀಗ್ರು ಬಂದವ್ರೆ," ಎಂದ. ಸಾಮಾನು ಕೋಣೆಯಲ್ಲಿ ಮರಿತಾಯಮ್ಮ ಬಕೆಟ್ಟಿನ ನೀರಿಗೆ ಕೈ ಅದ್ದಿದರು. ಸೋಪು ಹಚ್ಚಿ ತೊಳೆದರು, ಮತ್ತೆ ಹಚ್ಚಿ ತೊಳೆದರು. ಇಸ್ತ್ರಿ ಸೀರೆ ಉಟ್ಟು, ಮೊಳೆಯ ಮೇಲಿನ ಟ್ಯಾಗು ತೆಗೆದು ಕೊರಳಿಗೆ ಹಾಕಿಕೊಂಡರು.

ಗ್ರಂಥಾಲಯ ತೋರಿಸಿದರು, ಹಾಸ್ಟೆಲ್ಲನ್ನು ಹೊರಗಿನಿಂದ ತೋರಿಸಿದರು. ಎದುರಾದ ಹುಡುಗಿಯರು ನಮಸ್ಕಾರ ಮರಿತಾಯವ್ವ ಎಂದಾಗಲೆಲ್ಲ ಪುಟ್ಟಮಾದಮ್ಮ ಮಗಳನ್ನು ತಿವಿದು, "ನೋಡ್ದಾ ಮರ್ವಾದೆಯ?" ಎನ್ನುತ್ತಿದ್ದರು. ಸಹಾಯ ಕೌಂಟರಿನ ಮುಂದೆ ಸಾಲು ವರಾಂಡ ದಾಟಿ ಮೆಟ್ಟಿಲವರೆಗೆ ಬೆಳೆದಿತ್ತು.

ಸಿಂಧು ಮರಿತಾಯಮ್ಮನವರ ಕಿವಿಯ ಬಳಿ ಬಂದಳು. "ಅತ್ತೆ, ಇಲ್ಲಿ ಬಾತ್‌ರೂಮ್ ಎಲ್ಲದೆ? ಬೆಳಗ್ಗಿಂದ ನೀರೇ ಕುಡುದಿಲ್ಲ, ಆದ್ರೂ ತಡಿಯಕ್ ಆಯ್ತಿಲ್ಲ."

ವರಾಂಡದ ತುದಿಯ ಶೌಚಾಲಯಕ್ಕೆ ಇಬ್ಬರನ್ನೂ ಕರೆದುಕೊಂಡು ಹೋದರು. ಹುಡುಗಿ ಹೊರಗೆ ಬಂದಾಗ ಮುಖ ಅರಳಿತ್ತು. "ಎಷ್ಟ್ ಚೆನ್ನಾಗದೆ ಅವ್ವ. ಡಿಗ್ರೀಲಿ ನಾನು ಒಂದಿನಾನೂ ಒಳಿಕ್ ಓಗಿರ್ನಿಲ್ಲ."

"ಆಯ್ತಲ್ಲ, ನಡಿ ಮತ್ತೆ," ಎಂದರು ಪುಟ್ಟಮಾದಮ್ಮ. "ಆ ಸಾಲಲ್ಲಿ ನಿಂತ್ಕಂಡು ಯಾಕ್ ಸಾಯದು? ಬೀಗ್ರು ಒಂದ್ ಮಾತ್ ಯೋಳುದ್ರೆ ಸೀಟು ಮನೆ ಬಾಗ್ಲಿಗೇ ಬತ್ತದೆ. ಬಸ್ಸು ಓದ್ರೆ ಇನ್ನ ಸಂಜೆಗೇಯ."

ಸಿಂಧು ಎದೆಗೆ ಅವುಚಿಕೊಂಡಿದ್ದ ಫೈಲನ್ನು ಸಡಿಲಿಸಲಿಲ್ಲ. "ಅತ್ತೆ, ನಿಜ್ವಾಗ್ಲೂ ಅರ್ಜಿ ಬ್ಯಾಡ್ವಾ? ಇವತ್ತೇ ಲಾಸ್ಟು ಅಂತ ಬರ್ದವ್ರೆ."

ಇಲ್ಲೂ ಸುಮ್ಮನಿರಬಹುದಿತ್ತು. ಅವರು ಬಸ್ಸು ಹತ್ತುತ್ತಿದ್ದರು, ಅರ್ಜಿಯ ಗಡುವು ಮುಗಿಯುತ್ತಿತ್ತು, ಸೀಟು ತಪ್ಪಿದ್ದು ಯಾರ ಕಾರಣಕ್ಕೆಂದು ಗೊತ್ತಾಗುತ್ತಲೂ ಇರಲಿಲ್ಲ. ಪ್ರಿಯಾಂಕಳ ಮದುವೆ ದೀಪಾವಳಿ ಕಳೆದು ನಡೆದುಹೋಗುತ್ತಿತ್ತು. ಸಿಂಧು ಮನೆಯಲ್ಲಿ ಉಳಿಯುತ್ತಿದ್ದಳು. ಮರಿತಾಯಮ್ಮ ಒದ್ದೆ ನೆಲ ನೋಡಿದರು. ಆಮೇಲೆ ಹುಡುಗಿಯ ಮುಖ ನೋಡಿದರು.

"ಈಗ ಆಕ್ಕಳಿ ಕಣವ್ವ ಫೋಟೋನ, ಪೊರಕೆ ಸಮೇತ," ಎಂದು ಅವರು ಮೊನ್ನೆ ನಮ್ಮನ್ನು ಕರೆದು ಹೇಳಿದ್ದು ಅವತ್ತು ಬೀಗರ ಮುಂದೆ ಆಡಿದ ಮಾತಿನಿಂದಾಗಿ. ಬೀಗರ ಕಡೆಯಿಂದ ಅಂದಿನಿಂದ ಫೋನು ಬಂದಿಲ್ಲ. ಹಾಸ್ಟೆಲ್ ಪಟ್ಟಿ ಇನ್ನೂ ಅಂಟಿಸಿಲ್ಲ. ದಿನಾ ಬೆಳಿಗ್ಗೆ ಪೊರಕೆ ಹಿಡಿಯುವ ಮೊದಲು ನೋಟಿಸ್ ಬೋರ್ಡಿನ ಹತ್ತಿರ ಹೋಗಿ ಬರುತ್ತಾರೆ.

ಶೌಚಾಲಯದ ಬಾಗಿಲಲ್ಲಿ ನಿಂತು ಅವತ್ತು ಅವರು ಟ್ಯಾಗನ್ನು ತಲೆಯ ಮೇಲಿಂದ ಎತ್ತಿ ತೆಗೆದು, ಮುಷ್ಟಿಯಲ್ಲಿ ಸುತ್ತಿ ಹಿಡಿದುಕೊಂಡರು. ದನಿ ತಾವಂದುಕೊಂಡದ್ದಕ್ಕಿಂತ ಜೋರಾಗಿಯೇ ಬಂತು, ಸಾಲಿನಲ್ಲಿ ನಿಂತ ಕೆಲವರು ತಿರುಗಿ ನೋಡುವಷ್ಟು.

"ಓಗು ಸಿಂಧು, ಸಾಲಲ್ ನಿಂತ್ಕ, ಅರ್ಜಿ ಆಕು. ನನ್ ಮಾತು ಇಲ್ಲಿ ನಡಿಯಕಿಲ್ಲ ಬೀಗ್ರೆ. ನಾನು ಇಲ್ಲಿ ಕಕ್ಕಸ್ಸು ತೊಳಿಯೋಳು."